ಬೂದುಗುಂಬಳಕ್ಕೆ ಮೊದಲ ಚಾಕು

ನಮ್ಮ ಯಜಮಾನರಿಗೆ ಮನೆಗೊಂದು ಸಾಮಾನು ತರುವುದೆಂದರೆ ಹೆಣ್ಣು ನೋಡುವಷ್ಟು ದೊಡ್ಡ ವಿಚಾರ. ನನ್ನನ್ನು ನೋಡಲು ಬಂದಾಗ ಮಾತ್ರ ತಟ್ಟೆಯ ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಒಪ್ಪಿಬಿಟ್ಟಿದ್ದರು. ಅಂಥ ಅವಸರ ಇನ್ನೊಂದು ಸಲ ಮಾಡಬಾರದೆಂದು ಆಮೇಲೆ ಇಸ್ತ್ರಿ ಪೆಟ್ಟಿಗೆ ಕೊಳ್ಳುವುದಕ್ಕೂ ತಿಂಗಳುಗಟ್ಟಲೆ ಯೋಚಿಸುತ್ತಾರೆ ಎಂದು ನಾನು ಬಂದವರ ಎದುರೆಲ್ಲ ಹೇಳಿ ನಗಿಸುತ್ತಿದ್ದೆ. ಅವರೂ ನಗುತ್ತಿದ್ದರು. ಕರೆಂಟ್ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಮೋಟಾರು, ವೈರು, ವ್ಯಾಟು ಅಂದರೆ ಬಾಯಿ ತುಂಬ ಮಾತು, ಮಿಕ್ಕಿದ್ದಕ್ಕೆಲ್ಲ ಹೂಂ, ಉಹೂಂ ಅಷ್ಟೇ. ನನ್ನ ಸ್ವಭಾವ ಅದಕ್ಕೆ ತದ್ವಿರುದ್ಧ. ಮನೆಯ ಮುಂದಿನ ಕೋಣೆಯಲ್ಲಿ ಕೂತು ರವಿಕೆ ಹೊಲಿಯುವವಳು ನಾನು. ಬಟ್ಟೆ ಎದುರಿಗೆ ಹರಡಿಕೊಂಡ ಮೇಲೆ ಕತ್ತರಿ ಆಡಿಸಲೋ ಬೇಡವೋ ಎಂದು ಯೋಚಿಸುತ್ತ ಕೂತರೆ ನನ್ನ ಕೆಲಸ ನಡೆಯುವುದಿಲ್ಲ.

ನಿವೃತ್ತಿಯಾದ ಮೇಲೆ ಇವರು ನಮ್ಮೂರು ಚಿಂತಾಮಣಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ನಡೆಯಲು ಹೋಗುವ ಗಂಡಸರ ಗುಂಪೊಂದಕ್ಕೆ ಸೇರಿಕೊಂಡರು. ಖಾಲಿ ಹೊಟ್ಟೆಯಲ್ಲಿ ಬೂದುಗುಂಬಳಕಾಯಿ ರಸ ಕುಡಿದರೆ ಮೈ ತಂಪಾಗುತ್ತೆ, ಬಿಪಿ ಹತೋಟಿಗೆ ಬರುತ್ತೆ ಎಂದು ಆ ಗುಂಪಿನಲ್ಲಿ ಯಾರೋ ಇವರ ತಲೆಗೆ ಹುಳ ಬಿಟ್ಟರು. ನಾನು ಮಿಕ್ಸಿಗೆ ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು ಪಾಠ ಶುರು ಮಾಡಿದರು. ಮಿಕ್ಸಿ ಕಾಯಿಯನ್ನು ಚಚ್ಚುತ್ತೆ, ಬಿಸಿ ಮಾಡುತ್ತೆ, ನೊರೆ ಎಬ್ಬಿಸುತ್ತೆ. ಈಗ ಸ್ಲೋ ಜ್ಯೂಸರ್ ಅಂತ ಬಂದಿದೆ, ಅದು ಹಾಗಲ್ಲ, ನಾವು ಹಲ್ಲಿನಲ್ಲಿ ಅಗಿದ ಹಾಗೆ ನಿಧಾನಕ್ಕೆ ಅಗಿದು ರಸ ಒಂದು ಕಡೆ, ಚರಟ ಒಂದು ಕಡೆ ಬಿಡುತ್ತೆ. ಕಿರುಚಾಟ ಇಲ್ಲ, ಸುಮ್ಮನೆ ಗೊಣಗುತ್ತೆ ಅಷ್ಟೇ. ಹಾಗಾದರೆ ಅದು ನಿಮಗೆ ಸರಿಯಾದ ಜೋಡಿ ಅಂದೆ ನಾನು.

ಅಲ್ಲಿಂದ ಶುರುವಾಯಿತು. ಊಟಕ್ಕೆ ಕೂತರೆ ತಟ್ಟೆಯ ಪಕ್ಕದಲ್ಲಿ ಫೋನು. ಇದರಲ್ಲಿ ಎರಡು ಜಾತಿಯಂತೆ. ಒಂದು ನಿಂತಿರುವುದು, ಇನ್ನೊಂದು ಮಲಗಿರುವುದು. ನಿಂತಿರುವುದಕ್ಕೆ ಬಾಯಿ ದೊಡ್ಡದು, ದಪ್ಪ ಹೋಳು ಹಾಕಿದರೂ ನುಂಗುತ್ತೆ, ಆದರೆ ಒಳಗಿನ ಜಾಲರಿ ತೊಳೆಯುವಷ್ಟರಲ್ಲಿ ಸಾಕುಬೇಕಾಗುತ್ತೆ. ಮಲಗಿರುವುದಕ್ಕೆ ಬಾಯಿ ಚಿಕ್ಕದು, ಎಲ್ಲ ಸಣ್ಣಗೆ ಹೆಚ್ಚಿಕೊಡಬೇಕು, ಆದರೆ ಸೊಪ್ಪಿನ ರಸವೂ ಚೆನ್ನಾಗಿ ಬರುತ್ತೆ, ತೊಳೆಯೋದು ಸುಲಭ. ಈ ಪುರಾಣವನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಯಾವುದನ್ನಾದರೂ ತಗೊಳ್ಳಿ, ತೊಳೆಯೋಳು ಹೇಗಿದ್ದರೂ ನಾನೇ ತಾನೆ ಎಂದು ಒಂದು ದಿನ ರೇಗಿಬಿಟ್ಟೆ. ಕೊನೆಗೊಂದು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, ಯಾವುದೆಂದು ತೀರ್ಮಾನ ಮಾಡಿಬಿಟ್ಟೆ ಎಂದರು. ಯಾವುದು ಎಂದರೆ ಹೇಳಲಿಲ್ಲ. ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ ಒಂದು ಸಲ ಕಣ್ಣಾರೆ ನೋಡಿಕೊಂಡು ಬಂದು ಹೇಳುತ್ತೇನೆ, ಈಗಲೇ ಹೇಳಿದರೆ ನೀನು ಏನಾದರೂ ಕೊಂಕು ತೆಗೀತೀಯ ಎಂದು ನಕ್ಕರು. ನಾನೂ ಬಲವಂತ ಮಾಡಲಿಲ್ಲ. ಹೊಲಿಗೆ ಮೆಷಿನ್ನಿನ ಮೇಲೆ ಒಂದು ರೇಷ್ಮೆ ರವಿಕೆ ಅರ್ಧಕ್ಕೆ ನಿಂತಿತ್ತು.

ಅಂಗಡಿಗೆ ಹೋಗಬೇಕಾಗಿದ್ದ ದಿನ ಬೆಳಿಗ್ಗೆ ಬಚ್ಚಲಲ್ಲಿ ಚೊಂಬು ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ನೀರಿನಲ್ಲಿ ಬಿದ್ದಿತ್ತು. ಏನಾಯಿತು ಎಂದು ಕೇಳಿದರೆ ನನ್ನ ಮುಖವನ್ನೇ ನೋಡಿದರು, ಮಾತು ಹೊರಡಲಿಲ್ಲ. ಪಾರ್ಶ್ವವಾಯು. ಆಸ್ಪತ್ರೆಯ ದಿನಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಮನೆಗೆ ಬಂದಾಗ ಬಲಗಾಲು ಎಳೆಯುತ್ತಿತ್ತು, ಬಲಗೈ ಜೋತು ಬಿದ್ದಿತ್ತು. ನುಂಗುವುದಕ್ಕೆ ಮಾತ್ರ ತೊಂದರೆ ಇರಲಿಲ್ಲ, ದೇವರು ಅಷ್ಟಾದರೂ ಕಣ್ಣು ಬಿಟ್ಟಿದ್ದ. ಮಾತು ಹೋಗಿತ್ತು. ಇವರಿಗೆ ಎಲ್ಲ ಅರ್ಥವಾಗುತ್ತೆ, ಹೇಳಬೇಕಾದ್ದು ತಲೆಯಲ್ಲಿ ಇರುತ್ತೆ, ಬಾಯಿಗೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಬರುತ್ತಾ ಎಂದು ಕೇಳಿದೆ. ಬರಬಹುದು, ಬರದೇ ಇರಲೂಬಹುದು, ಮಾತಾಡಿಸುತ್ತಾ ಇರಿ ಎಂದರು.

ಪೂರ್ತಿ ಹೋಗಿತ್ತು ಎನ್ನುವಂತೆಯೂ ಇರಲಿಲ್ಲ. ಒಂದೇ ಒಂದು ಮಾತು ಉಳಿದಿತ್ತು. ‘ಅದೇ.’ ನೀರು ಬೇಕಾದರೂ ಅದೇ, ಬೇಡವಾದರೂ ಅದೇ. ಸಿಟ್ಟು ಬಂದರೆ ಗಟ್ಟಿಯಾಗಿ ಅದೇ ಅದೇ ಅದೇ, ಸಂಕಟವಾದರೆ ಮೆಲ್ಲಗೆ ಅದೇ. ಮೊದಮೊದಲು ನನಗೆ ಸಂತೋಷವಾಯಿತು, ಇವತ್ತು ಒಂದು ಮಾತು, ನಾಳೆ ಇನ್ನೊಂದು ಅಂದುಕೊಂಡೆ. ವಾರಗಳು ಹೋದವು, ತಿಂಗಳುಗಳು ಹೋದವು, ಇನ್ನೊಂದು ಬರಲಿಲ್ಲ. ನಮ್ಮ ಜೊತೆಗೇ ಇರುವ ಅತ್ತೆ, ಇವರ ತಾಯಿ, ಮಗನ ಪಕ್ಕದಲ್ಲಿ ಕೂತು ಹಾಲುಗೂಸಿಗೆ ಕಲಿಸುವ ಹಾಗೆ ಅಮ್ಮ ಅನ್ನಪ್ಪ, ಅಮ್ಮ ಅನ್ನು ಎಂದು ಹೇಳಿಕೊಡುತ್ತಿದ್ದರು. ಇವರು ಬಾಯಿ ಜೋಡಿಸಿಕೊಂಡು, ಕುತ್ತಿಗೆಯ ನರ ಉಬ್ಬಿಸಿ ಪ್ರಯತ್ನಪಟ್ಟು, ಕೊನೆಗೆ ಅದೇ ಅನ್ನುತ್ತಿದ್ದರು. ನಾನು ಎದ್ದು ಹೋಗಿ ಹೊಲಿಗೆ ಮೆಷಿನ್ನು ತುಳಿಯುತ್ತಿದ್ದೆ. ನನ್ನ ಗಂಡ ಇನ್ನೊಂದು ಮಾತು ಆಡಲಿ, ಬೈಗುಳವಾದರೂ ಸರಿ, ಅಷ್ಟಾದರೆ ಸಾಕು ಎಂದು ಮುರುಗಮಲ್ಲದ ದರ್ಗಾಕ್ಕೂ ಹೋಗಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸಿಕೊಂಡು ಬಂದೆ.

ಗೌರಿಬಿದನೂರಿನಲ್ಲಿರುವ ನಮ್ಮ ಮಗಳು ಫೋನಿನಲ್ಲಿ, ಅಪ್ಪ ಅಷ್ಟು ಆಸೆಪಟ್ಟಿದ್ದ ಜ್ಯೂಸರ್ ತರಿಸಿಬಿಡೋಣ ಕಣಮ್ಮ ಎಂದಳು. ಡಾಕ್ಟರನ್ನು ಕೇಳಿದೆ. ಕುಡಿಸಿ, ತೊಂದರೆ ಇಲ್ಲ, ಆದರೆ ಮಾತ್ರೆ ಬಿಡುವ ಹಾಗಿಲ್ಲ, ಅದರಿಂದ ಮಾತು ಬರುತ್ತೆ ಅಂತಲೂ ತಿಳ್ಕೋಬೇಡಿ ಎಂದರು. ಹೂಂ ಅಂದೆ. ಒಳಗೊಳಗೆ ಹಾಗೇ ತಿಳಿದುಕೊಂಡೆ.

ಈಗ ಯಾವುದನ್ನು ತರಿಸುವುದು? ಇವರ ತೀರ್ಮಾನ ಇವರ ತಲೆಯೊಳಗೇ ಉಳಿದುಹೋಗಿತ್ತು. ಮಗಳು ಎರಡು ಚಿತ್ರ ಕಳಿಸಿದಳು. ಇವರನ್ನು ದಿಂಬಿಗೆ ಒರಗಿಸಿ ಕೂರಿಸಿ, ಕನ್ನಡಕ ಹಾಕಿ, ನಿಂತಿರುವುದರ ಚಿತ್ರ ತೋರಿಸಿ ಇದಾ ಎಂದೆ. ಅದೇ ಎಂದರು. ಮಲಗಿರುವುದನ್ನು ತೋರಿಸಿ, ಇಲ್ಲಾಂದ್ರೆ ಇದಾ ಎಂದೆ. ಅದೇ ಎಂದರು. ತಲೆ ಆಡಿಸಿ ಅಂದರೆ ಹೌದಿಗೂ ಅಲ್ಲಕ್ಕೂ ಒಂದೇ ರೀತಿ ಆಡಿಸಿದರು. ಬೆರಳಿಟ್ಟು ತೋರಿಸಿ ಎಂದು ಎಡಗೈಯನ್ನು ಫೋನಿನ ಹತ್ತಿರ ತಂದೆ. ಬೆರಳು ತಗುಲಿ ಚಿತ್ರವೇ ಹೋಗಿ ಯಾವುದೋ ಸೀರೆ ಅಂಗಡಿಯ ಜಾಹೀರಾತು ಬಂತು. ನನಗೆ ನಗು ಬಂತು. ಇವರ ಮುಖ ನೋಡಿದೆ, ಕಣ್ಣಲ್ಲಿ ನೀರಿತ್ತು. ಇವರಿಗೆ ಗೊತ್ತು, ಯಾವುದೆಂದು ಚೆನ್ನಾಗಿ ಗೊತ್ತು, ಒಂದು ಗೇಣು ದೂರದಲ್ಲಿ ಕೂತು ಕೇಳುತ್ತಿರುವ ನನಗೆ ಹೇಳಲಾಗುತ್ತಿಲ್ಲ. ತಿಂಗಳುಗಟ್ಟಲೆ ಅದೇ ಪುರಾಣ ಕೇಳುವಾಗ ಒಂದು ದಿನವಾದರೂ ಕಿವಿ ಕೊಟ್ಟು ಕೇಳಿದ್ದರೆ ಮಾತಿನ ಧಾಟಿಯಲ್ಲೇ ಗೊತ್ತಾಗುತ್ತಿತ್ತೇನೋ. ಕೊನೆಗೆ ನಿಂತಿರುವುದನ್ನೇ ಕಳಿಸು ಎಂದು ಮಗಳಿಗೆ ಹೇಳಿದೆ. ಯಾಕೆ ಅದು ಎಂದಳು. ಯಾಕೂ ಇಲ್ಲ, ಯಾವುದಾದರೂ ಒಂದು ಬೇಕಲ್ಲ ಎಂದೆ.

ಅದು ಬಂತು. ಪೆಟ್ಟಿಗೆ ಬಿಚ್ಚುವಾಗ ಇವರು ಕಣ್ಣು ಮಿಟುಕಿಸದೆ ನೋಡಿದರು, ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿದರು. ತಪ್ಪಾದದ್ದನ್ನು ತರಿಸಿದೆನೋ, ಇಲ್ಲಾ ತಾವು ಬಿಚ್ಚಬೇಕಾದ ಪೆಟ್ಟಿಗೆಯನ್ನು ನಾನು ಬಿಚ್ಚಿದೆನೆಂಬ ಬೇಸರವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಜೋಡಿಸಲು ಕೂತೆ. ನಡುವೆ ದಪ್ಪನೆಯ ತಿರುಪು, ಅದರ ಸುತ್ತ ಜಾಲರಿ, ಅದರ ಮೇಲೆ ಬಟ್ಟಲು, ಎಲ್ಲಕ್ಕೂ ಮುಚ್ಚಳ. ಗುರುತಿಗೆ ಗುರುತು ಸೇರದಿದ್ದರೆ ಓಡುವುದಿಲ್ಲ. ನಾನು ಮುಚ್ಚಳ ತಿರುಗಿಸಿ ತಿರುಗಿಸಿ ಸೋತು, ಹಾಳಾದ್ದು ಎಂದು ಬೈದೆ. ಹಾಸಿಗೆಯ ಕಡೆಯಿಂದ ಅದೇ, ಅದೇ ಎಂದು ದನಿ ಬಂತು. ಹೇಗೆ ಜೋಡಿಸಬೇಕೆಂದು ಹೇಳುತ್ತಿದ್ದರು ಎನಿಸುತ್ತದೆ. ಹೊಲಿಗೆ ಮೆಷಿನ್ನಿನ ಸೂಜಿ ಮುರಿದರೂ ನಾನು ಕರೆಯುತ್ತಿದ್ದುದು ಇವರನ್ನೇ. ಆ ಮನುಷ್ಯ ಎದುರಿಗೇ ಮಲಗಿದ್ದರು, ನಾನು ವಿಡಿಯೊ ನೋಡಿಕೊಂಡು ಜೋಡಿಸಿದೆ.

ಮೊದಲ ದಿನ ಕ್ಯಾರೆಟ್ ಹಾಕಿದೆ. ನನ್ನ ಅವಸರ ಗೊತ್ತಲ್ಲ, ಒಂದರ ಹಿಂದೆ ಒಂದು ತುರುಕಿದೆ. ಗಕ್ಕನೆ ನಿಂತುಹೋಯಿತು. ಹಿಂದಕ್ಕೆ ತಿರುಗಿಸುವ ಗುಂಡಿ ಒತ್ತಿ, ಸ್ವಲ್ಪ ಉಗುಳಿಸಿ, ಮತ್ತೆ ಮುಂದಕ್ಕೆ ಬಿಟ್ಟೆ. ಆಮೇಲೆ ಅಭ್ಯಾಸವಾಯಿತು. ಬೀಟ್‌ರೂಟು, ದಾಳಿಂಬೆ, ಶಿಡ್ಲಘಟ್ಟದ ಕಡೆಯಿಂದ ನೆಂಟರು ತಂದುಕೊಟ್ಟ ದ್ರಾಕ್ಷಿ. ನಾರಿನ ತರಕಾರಿಯನ್ನು ಸಣ್ಣಗೆ ಹೆಚ್ಚದಿದ್ದರೆ ತಿರುಪಿಗೆ ಕೂದಲು ಸುತ್ತಿಕೊಂಡ ಹಾಗೆ ಸುತ್ತಿಕೊಳ್ಳುತ್ತೆ. ಜಾಲರಿಯನ್ನು ತಕ್ಷಣ ತೊಳೆಯದೆ ಬಿಟ್ಟರೆ ಚರಟ ಒಣಗಿ ಗಾರೆಯಾಗುತ್ತೆ, ಆಮೇಲೆ ಬ್ರಷ್ಷು ಹಿಡಿದು ಉಜ್ಜುತ್ತ ಕೂರಬೇಕು. ಇವರು ಹೇಳಿದ್ದೆಲ್ಲ ನಿಜವಾಗಿತ್ತು. ಅತ್ತೆಗೆ ಮಾತ್ರ ಚರಟದ ಮೇಲೆ ಕಣ್ಣು. ಇಷ್ಟನ್ನು ಬಿಸಾಕ್ತಾರಾ ಎಂದು ಅಕ್ಕಿ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟುತ್ತಿದ್ದರು. ಅದು ತಿನ್ನುವಂತಿರಲಿಲ್ಲ, ಆದರೂ ತಿಂದೆವು. ಇವರು ರಸವನ್ನು ಔಷಧಿ ಕುಡಿದ ಹಾಗೆ ಕುಡಿಯುತ್ತಿದ್ದರು. ಮಾತು ಮಾತ್ರ ಅದೇ.

ಕೈಕಾಲಿಗೆ ವ್ಯಾಯಾಮ ಮಾಡಿಸಲು ಒಬ್ಬ ಹುಡುಗಿ ಬರುತ್ತಿದ್ದಳು, ಫಿಸಿಯೋಥೆರಪಿ ಓದಿದವಳು. ಇವರು ಅವಳ ಜೊತೆ ಒಂದು ಬೆರಳು ಕೂಡ ಆಡಿಸುತ್ತಿರಲಿಲ್ಲ. ರಬ್ಬರ್ ಚೆಂಡು ಕೈಗಿಟ್ಟರೆ ಉರುಳಿಸಿಬಿಡುತ್ತಿದ್ದರು. ಚೆಂಡು ಬೇಡ, ಮನೆಯದೇ ಏನಾದರೂ ಕೆಲಸ ಕೊಡಿ ಆಂಟಿ, ಎಡಗೈಯಲ್ಲಾದರೂ ಮಾಡಲಿ ಎಂದಳು. ಹಾಗೆ ನಾನು ಜ್ಯೂಸರನ್ನು ಹಾಸಿಗೆಯ ಪಕ್ಕದ ಮೇಜಿಗೆ ತಂದಿಟ್ಟೆ. ಗುಂಡಿ ಒತ್ತಿ ಎಂದೆ. ಒತ್ತಿದರು. ಕ್ಯಾರೆಟ್ಟಿನ ತುಂಡು ಕೈಗೆ ಕೊಟ್ಟೆ. ಎಡಗೈಯಲ್ಲಿ ಹಿಡಿದು, ಗುರಿ ತಪ್ಪಿ, ಮತ್ತೆ ಹಿಡಿದು, ಜ್ಯೂಸರಿನ ಬಾಯಿಗೆ ಹಾಕಿದರು. ಅದು ಗೊಣಗುತ್ತ ಅಗಿಯಿತು. ಇವರು ಮುಂದಿನ ತುಂಡು ತೆಗೆದುಕೊಳ್ಳುವವರೆಗೂ ಅದು ತನ್ನ ಪಾಡಿಗೆ ತಿರುಗುತ್ತಿತ್ತು. ನಮ್ಮ ಮನೆಯಲ್ಲಿ ಇವರನ್ನು ಅವಸರಪಡಿಸದೆ ಇದ್ದದ್ದು ಅದೊಂದೇ. ನಾನು ಪಕ್ಕದಲ್ಲಿ ನಿಂತು ಕೈ ಹಿಸುಕಿಕೊಳ್ಳುತ್ತಿದ್ದೆ. ಒಂದು ಲೋಟ ರಸಕ್ಕೆ ಅರ್ಧ ಬೆಳಗು ಹೋಗುತ್ತಿತ್ತು.

ಇಷ್ಟರಲ್ಲಿ ಮುರುಗಮಲ್ಲದ ಹತ್ತಿರ ಹೊಲ ನೋಡಿಕೊಂಡಿರುವ ನನ್ನ ಮೈದುನ, ಇವರ ತಮ್ಮ, ಅಣ್ಣನಿಗೆಂದು ಬೂದುಗುಂಬಳಕಾಯಿ ತಂದ. ಒಂದಲ್ಲ, ಚೀಲದ ತುಂಬ. ಮೈಮೇಲೆ ಬಿಳಿ ಬೂದಿ ಹಾಗೇ ಇದ್ದ ಬಲಿತ ಕಾಯಿಗಳು. ಅವನ್ನು ಕಂಡದ್ದೇ ಇವರ ಮುಖ ಅರಳಿತು. ಕಾಯಿಲೆಯಾದ ಮೇಲೆ ಹಾಗೆ ಅರಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ನಮ್ಮ ಕಡೆ ಇಡೀ ಬೂದುಗುಂಬಳಕಾಯಿಗೆ ಹೆಂಗಸರು ಮೊದಲ ಚಾಕು ಹಾಕುವುದಿಲ್ಲ. ಅದನ್ನು ಕೊಯ್ಯುವುದು ಬಲಿ ಕೊಟ್ಟ ಹಾಗೆ, ಗಂಡಸೇ ಮೊದಲು ಇಬ್ಭಾಗ ಮಾಡಿಕೊಡಬೇಕು, ಆಮೇಲೆ ಹೆಂಗಸು ಎಷ್ಟಾದರೂ ಹೆಚ್ಚಿಕೊಳ್ಳಬಹುದು. ನಾನು ಇದನ್ನೆಲ್ಲ ನಂಬುವವಳಲ್ಲ. ಆದರೆ ಮದುವೆಯಾದಾಗಿನಿಂದ ಮಜ್ಜಿಗೆ ಹುಳಿ ಮಾಡುವ ದಿನ ಇವರು ಬನಿಯನ್ನಿನಲ್ಲಿ ಅಡುಗೆಮನೆಗೆ ಬಂದು, ಚಾಕುವನ್ನು ಬಾಗಿಲ ಕಲ್ಲಿಗೆ ಮಸೆದು, ಕಾಯಿಯನ್ನು ಒಂದು ಸಲ ತಟ್ಟಿ ನೋಡಿ, ಒಂದೇ ಏಟಿಗೆ ಸೀಳಿ, ತಗೋ ಎಂದು ಹೋಗುತ್ತಿದ್ದರು. ಅಡುಗೆಮನೆಯಲ್ಲಿ ಇವರು ಮಾಡುತ್ತಿದ್ದುದು ಆ ಒಂದೇ ಕೆಲಸ. ಅದಕ್ಕೂ ನಾನು ಗೇಲಿ ಮಾಡುತ್ತಿದ್ದೆ.

ಮೈದುನ ನಿಂತ ಕಾಲಿನಲ್ಲಿ, ಕೊಡಿ ಅತ್ತಿಗೆ ಎಂದು ಚಾಕು ಇಸಿದುಕೊಂಡು ಕಚಕ್ ಎಂದು ಕೊಯ್ದ. ನಾನು ಹೆಚ್ಚಿ, ರಸ ತೆಗೆದು, ಲೋಟಕ್ಕೆ ಹಾಕಿ ಇವರ ಎಡಗೈಗೆ ಕೊಟ್ಟೆ. ಇವರು ಲೋಟವನ್ನು ನೋಡಿದರು, ತಮ್ಮನನ್ನು ನೋಡಿದರು. ಅದೇ ಅದೇ ಅದೇ ಎಂದು ಕೂಗಿ ಲೋಟವನ್ನು ಬೀಸಿ ಎಸೆದರು. ಗೋಡೆಯೆಲ್ಲ ರಸ. ಮೈದುನನ ಮುಖ ಸಣ್ಣದಾಯಿತು. ತಪ್ಪು ಅವನದಲ್ಲ ಎಂದು ಅವನಿಗೆ ಎಷ್ಟು ಹೇಳಿದರೂ ಅವತ್ತು ಊಟ ಮಾಡದೆ ಬಸ್ಸು ಹತ್ತಿಬಿಟ್ಟ. ನಾನು ಗೋಡೆ ಒರೆಸಿದೆ. ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು.

ಅತ್ತೆ ಮಗನ ಹತ್ತಿರ ಹೋಗಿ ತಲೆ ಸವರಿ, ನನ್ನ ಕಡೆ ತಿರುಗಿ ಹೇಳಿದರು. “ಮನೆ ಗಂಡ್ಸು ಇಲ್ಲೇ ಕುಂತಿರುವಾಗ ಇನ್ನೊಬ್ರ ಕೈಲಿ ಕುಯ್ಸೋದು, ಅವನು ಇಲ್ಲ ಅಂತ ಲೆಕ್ಕ ಹಾಕ್ದಂಗೆ ಕಣಮ್ಮ. ಇನ್ಮೇಲೆ ಕುಯ್ದ್ರೆ ಅವನೇ ಕುಯ್ಬೇಕು.”

ಯಾವ ಕೈಯಲ್ಲಿ ಎಂದು ಕೇಳಿದೆ. ಕೇಳಬಾರದಾಗಿತ್ತು, ನನ್ನ ನಾಲಿಗೆ ಹಾಗೆ. ಅತ್ತೆ ಉಳಿದ ಕಾಯಿಗಳನ್ನು ಒಂದೊಂದಾಗಿ ಎತ್ತಿ ಇವರು ಮಲಗುವ ನಡುಮನೆಯ ಗೋಡೆಗೆ ಸಾಲಾಗಿ ಇಟ್ಟರು. ಆ ಕಾಯಿ ಕೆಡುವುದೂ ಇಲ್ಲ ಬೇಗ. ತಿಂಗಳುಗಟ್ಟಲೆ ಹಾಗೇ ಕೂತಿರುತ್ತೆ.

ಮಾರ್ಕೆಟ್ಟಿನಲ್ಲಿ ಹೋಳು ಮಾಡಿ ಮಾರುತ್ತಾರಲ್ಲ, ಅದನ್ನು ತಂದೆ. ಮಾರುವವಳು ತೆಲುಗಿನವಳು, ಯಾರು ಕೊಯ್ದಿದ್ದು ಎಂದು ಕೇಳಿದರೆ ಏಮಮ್ಮಾ, ಯಾರು ಕುಯ್ದ್ರೇನು ಎಂದು ನನ್ನನ್ನೇ ದುರುಗುಟ್ಟಿದಳು. ಅತ್ತೆ ಅದಕ್ಕೆ ಅಡ್ಡ ಹೇಳಲಿಲ್ಲ. ಇವರು ಬಾಯಿ ಬಿಗಿ ಹಿಡಿದು ಕೂತರು. ಗೋಡೆಯ ಕಡೆ ಸಾಲಾಗಿದ್ದ ಕಾಯಿಗಳನ್ನು ನೋಡಿದರು, ಕೈಯಲ್ಲಿದ್ದ ಲೋಟವನ್ನು ಮೇಜಿಗಿಟ್ಟರು. ಇನ್ನೊಂದು ದಿನ ಅತ್ತೆ ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಏನಾದರೂ ಆಗಲಿ ಎಂದು ನಾನೇ ಒಂದು ಕಾಯಿ ಮಣೆಯ ಮೇಲಿಟ್ಟು ಚಾಕು ಎತ್ತಿದೆ. ಹಾಸಿಗೆಯಿಂದ ಅದೇ ಎಂದರು. ಕೂಗಲಿಲ್ಲ. ಬೇಡಿಕೊಂಡ ಹಾಗಿತ್ತು. ಊರವರ ಬಟ್ಟೆಯೆಲ್ಲ ಕತ್ತರಿಸುವ ನನ್ನ ಕೈ ಒಂದು ಕುಂಬಳಕಾಯಿಯ ಮೇಲೆ ಇಳಿಯಲಿಲ್ಲ. ಕಾಯಿಯನ್ನು ಎತ್ತಿ ಮತ್ತೆ ಗೋಡೆಗಿಟ್ಟೆ.

ಅಲ್ಲಿಂದ ಬೆಳಿಗ್ಗೆ ಎದ್ದರೆ ಅದೊಂದು ಕೆಲಸವಾಯಿತು. ಅತ್ತೆ ಇವರ ಮುಂದೆ ಮಣೆ ಇಟ್ಟು, ಅದರ ಮೇಲೆ ಕಾಯಿ ಇಟ್ಟು, ಉರುಳದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕೂರುವರು. ಚಾಕು ಜಾರಿ ಬೆರಳಿಗೆ ಬೀಳುತ್ತೆ ಅಂದರೆ, ಬೀಳಲಿ ಬಿಡು, ಈ ಬೆರಳು ಇಟ್ಕೊಂಡು ನಾನೇನು ವೀಣೆ ನುಡಿಸ್ಬೇಕಾ ಎನ್ನುವರು. ಇವರು ಎಡಗೈಯಲ್ಲಿ ಚಾಕು ಹಿಡಿದು ಒತ್ತುವರು. ಆ ಸಿಪ್ಪೆ ಏನು ಸಾಮಾನ್ಯವೇ, ಕಲ್ಲಿನಂಥದು. ಮೇಲಿನ ಬಿಳಿ ಬೂದಿ ಅಳಿಸಿ ಹಸಿರು ಕಾಣುವಷ್ಟರಲ್ಲಿ ಇವರ ಕೈ ಸೋತುಹೋಗುತ್ತಿತ್ತು. ಕಾಯಿ ಮತ್ತೆ ಗೋಡೆಗೆ. ನಾನು ಕ್ಯಾರೆಟ್ ರಸ ಕೊಡುತ್ತಿದ್ದೆ. ಕಾಯಿಗಳ ಮೈತುಂಬ ಗೀರುಗಳಾದವು. ವ್ಯಾಯಾಮದ ಹುಡುಗಿ ನೋಡಿ ಸಂತೋಷಪಟ್ಟಳು, ತೋಳಿನಲ್ಲಿ ಬಲ ಬರ್ತಿದೆ, ಬಿಡಬೇಡಿ ಎಂದಳು. ಬಲ ಬಂದರೆ ಮಾತೂ ಬರಬಹುದಾ ಎಂದು ಕೇಳಿದೆ. ಅದು ಬೇರೆ ಆಂಟಿ ಎಂದಳು. ಆದರೂ ನಾನು ನನ್ನ ಮನಸ್ಸಿನಲ್ಲಿ ಎರಡನ್ನೂ ಗಂಟು ಹಾಕಿಬಿಟ್ಟಿದ್ದೆ. ಈ ಕಾಯಿ ಇಬ್ಭಾಗವಾದ ದಿನ ಇವರ ಬಾಯಿ ಬಿಚ್ಚುತ್ತದೆ. ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ನಾನೇ ನಗುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಇವರು ಒತ್ತುವುದನ್ನು ಬಿಟ್ಟು ಗರಗಸದ ಹಾಗೆ ಹಿಂದಕ್ಕೂ ಮುಂದಕ್ಕೂ ಎಳೆಯತೊಡಗಿದರು. ಹಳೆಯ ಗೀರಿನ ಮೇಲೇ ಎಳೆದರು. ಸಿಪ್ಪೆ ಸೀಳಿತು. ಚಾಕು ಒಂದು ಬೆರಳು ಗೆಣ್ಣಿನಷ್ಟು ಒಳಗೆ ಹೋಯಿತು, ಪಕ್ಕದಲ್ಲಿ ನೀರು ಜಿನುಗಿತು. ಅತ್ತೆ ಕಾಯಿಯನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡು, ಆಯ್ತಪ್ಪ, ಆಯ್ತು, ಇನ್ನೊಂದು ಸ್ವಲ್ಪ ಎನ್ನುತ್ತಿದ್ದರು. ನಾನು ಲೋಟ ಹಿಡಿದು ನಿಂತಿದ್ದೆ. ಜ್ಯೂಸರಿನ ಜಾಲರಿ, ತಿರುಪು ಎಲ್ಲ ಜೋಡಿಸಿ ಸಿದ್ಧವಾಗಿತ್ತು.

ಚಾಕು ಅಲ್ಲೇ ಸಿಕ್ಕಿಕೊಂಡಿತು. ಒಳಕ್ಕೂ ಹೋಗಲಿಲ್ಲ, ಹೊರಕ್ಕೂ ಬರಲಿಲ್ಲ. ಇವರು ಎಳೆದರು, ಭುಜ ಕೊಟ್ಟು ಒತ್ತಿದರು, ಹಣೆಯಲ್ಲಿ ಬೆವರು ಬಂತು. ನನಗೆ ತಡೆಯಲಾಗದೆ ಒಂದು ಹೆಜ್ಜೆ ಮುಂದೆ ಬಂದೆ. ಅತ್ತೆ ಬೇಡ ಎಂದು ಕಣ್ಣಿನಲ್ಲೇ ಗದರಿದರು, ನಿಂತೆ. ಇವರು ಇನ್ನೊಂದು ಸಲ ಪ್ರಯತ್ನಪಟ್ಟರು. ಆಮೇಲೆ ಬೆರಳು ಸಡಿಲ ಮಾಡಿ, ಚಾಕುವಿನ ಹಿಡಿಯನ್ನು ಬಿಟ್ಟರು. ಆ ಕೈಯನ್ನು ಜೋತು ಬಿದ್ದಿದ್ದ ಬಲಗೈಯ ಮೇಲೆ ಇಟ್ಟುಕೊಂಡರು. ತಲೆ ಎತ್ತಿ ನನ್ನನ್ನು ನೋಡಿದರು. ಈಗ ಅದೇ ಅನ್ನುತ್ತಾರೆ ಎಂದು ಗೊತ್ತಿತ್ತು, ಕೇಳಿಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡೆ.

“ನೀನೇ ಕುಯ್ಯಿ” ಎಂದರು.

ತೊದಲಲಿಲ್ಲ. ಬಚ್ಚಲಲ್ಲಿ ಬೀಳುವ ಮುಂಚಿನ ದನಿ, ನನ್ನ ಗಂಡನ ದನಿಯೇ. ನನ್ನ ಕೈಯಿಂದ ಲೋಟ ಬಿತ್ತು. ಇನ್ನೊಂದು ಮಾತು ಬರಲಿ ಎಂದು ಕಂಡ ಕಂಡ ದೇವರನ್ನೆಲ್ಲ ಕೇಳಿಕೊಂಡವಳು ನಾನು. ಬಂತು. ಬಂದದ್ದು ಈ ಮಾತು. ಕುಣಿಯಬೇಕೋ ಅಳಬೇಕೋ ತಿಳಿಯದೆ ನಾನು ಏನಂದ್ರಿ, ಇನ್ನೊಂದ್ಸಲ ಹೇಳಿ ಎಂದು ಇವರ ಭುಜ ಹಿಡಿದು ಅಲ್ಲಾಡಿಸಿದೆ. ಅತ್ತೆಗೆ ಆ ಮಾತು ಬೇರೆ ರೀತಿ, ತಾನಿನ್ನು ಇಲ್ಲವೆಂದು ಮಗನೇ ಲೆಕ್ಕ ಹಾಕಿದ ಹಾಗೆ ಕೇಳಿಸಿತ್ತು. ಕಾಯಿಯಿಂದ ಕೈ ತೆಗೆದು, ಹಂಗನ್ಬೇಡ ಕಣಪ್ಪ, ಹಂಗನ್ಬೇಡ ಎಂದು ಮಗನ ಬಾಯಿಗೆ ಅಂಗೈ ಅಡ್ಡ ಹಿಡಿದರು. ಇಷ್ಟು ತಿಂಗಳು ಆ ಬಾಯಿಂದ ಮಾತು ಹೊರಡಿಸಲು ಕೂತಿದ್ದ ತಾಯಿ, ಬಂದ ಮಾತನ್ನು ಒಳಕ್ಕೆ ತಳ್ಳುತ್ತಿದ್ದರು.

ಸ್ವಲ್ಪ ಹೊತ್ತಾದ ಮೇಲೆ ಅತ್ತೆಯೇ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮೊದಲ್ನೇ ಚಾಕು ಅವನೇ ಹಾಕಿದಾನೆ, ಮಿಕ್ಕಿದ್ದು ನೀನು ಕುಯ್ದ್ರೆ ದೋಷ ಇಲ್ಲ ಎಂದರು. ನಾನು ಹಿಡಿ ಹಿಡಿದು ಒತ್ತಿದೆ. ಒಂದೇ ಒತ್ತಿಗೆ ಎರಡು ಹೋಳಾಯಿತು. ಅಷ್ಟು ಸುಲಭವಾಗಿ ಆಗಬಾರದಾಗಿತ್ತು. ರಸ ತೆಗೆದು ಕೊಟ್ಟೆ. ಇವರು ಒಂದು ಹನಿ ಉಳಿಸದೆ ಕುಡಿದು ಲೋಟ ಕೆಳಗಿಟ್ಟರು. ಸಾಕಾ ಎಂದು ಕೇಳಿದೆ. ಅದೇ ಎಂದರು.

ಮಗಳಿಗೆ ಫೋನ್ ಮಾಡಿ ಅಪ್ಪ ಮಾತಾಡಿದ್ರು ಎಂದೆ. ಅವಳು ಅತ್ತಳು. ಮರುದಿನವೇ ಗೌರಿಬಿದನೂರಿನಿಂದ ಬಂದು ಅಪ್ಪನ ಎದುರು ಕೂತು ಏನೇನೋ ಕೇಳಿದಳು. ಅದೇ. ಡಾಕ್ಟರಿಗೆ ಹೇಳಿದೆ. ಒಮ್ಮೊಮ್ಮೆ ಹಾಗೆ ತಾನಾಗಿ ಬಂದುಬಿಡುತ್ತೆ, ಬೇಕೆಂದಾಗ ಬರುವುದಿಲ್ಲ, ಕಾಯಬೇಕು ಎಂದರು.

ಆಮೇಲೆ ಇವರು ಚಾಕು ಮುಟ್ಟಿಲ್ಲ. ಎಡಗೈಗೆ ಕೊಟ್ಟರೂ ನನ್ನ ಕಡೆಗೇ ಸರಿಸುತ್ತಾರೆ. ಹೋಳುಗಳನ್ನು ಜ್ಯೂಸರಿನ ಬಾಯಿಗೆ ಹಾಕುವುದು ಮಾತ್ರ ಇವರದೇ ಕೆಲಸ, ಅದನ್ನು ಬಿಟ್ಟಿಲ್ಲ. ಕಾಯಿ ಖಾಲಿಯಾದರೆ ಮೈದುನ ಮತ್ತೆ ತಂದುಕೊಡುತ್ತಾನೆ, ಬಾಗಿಲಲ್ಲೇ ಚೀಲ ಇಟ್ಟು, ಒಳಗೆ ಬಂದು ಅಣ್ಣನ ಕಾಲು ಮುಟ್ಟಿ ಹೋಗುತ್ತಾನೆ. ಈಗ ಕಾಯಿಗೆ ಮೊದಲ ಚಾಕು ಹಾಕುವವಳು ನಾನೇ. ಮಗನೇ ಹೇಳಿದ ಮೇಲೆ ಅತ್ತೆ ಅಡ್ಡಿ ಮಾಡುವುದಿಲ್ಲ. ಆ ಹೊತ್ತಿಗೆ ಎಲ್ಲಿದ್ದರೂ ಬಂದು ಮಗನ ಪಕ್ಕದಲ್ಲಿ ಕೂರುತ್ತಾರೆ.

ಹೊಸ ಕಾಯಿ ತೆಗೆದಾಗೆಲ್ಲ ನಾನು ಮಣೆಯನ್ನು ಇವರ ಎದುರಿಗೇ ಇಟ್ಟುಕೊಂಡು, ಕಾಯಿಯ ಮೇಲೆ ಚಾಕು ಊರಿ, ನಾನೇ ಕುಯ್ಲಾ ಎಂದು ಕೇಳುತ್ತೇನೆ. ಕೇಳಿ ಸುಮ್ಮನೆ ಕೂರುತ್ತೇನೆ. ಬಟ್ಟೆ ಎದುರಿಗಿಟ್ಟುಕೊಂಡು ಒಂದು ಗಳಿಗೆಯೂ ಯೋಚಿಸದವಳು ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ. ಇವರು ನನ್ನ ಮುಖ ನೋಡುತ್ತಾರೆ, ಕುತ್ತಿಗೆಯ ನರ ಉಬ್ಬುತ್ತದೆ, ಅತ್ತೆ ಉಸಿರು ಹಿಡಿಯುತ್ತಾರೆ. ಅದೇ ಎನ್ನುತ್ತಾರೆ. ಸರಿ ಎಂದು ನಾನು ಕೊಯ್ಯುತ್ತೇನೆ.